ಅತ್ತೆಮನೆಯ ತೆಲುಗು

ನನಗೆ ಬಂದ ಫೋನು ಯಾರದೆಂದು ನನ್ನ ಹೆಂಡತಿ ಕೇಳುವುದೇ ಇಲ್ಲ. ನನ್ನ ಬಾಯಿಂದ ಬರುವ ಕನ್ನಡದಲ್ಲೇ ಅವಳಿಗೆ ಗೊತ್ತಾಗಿಬಿಡುತ್ತದೆ. ‘ಆಗಲಿ ಸಾರ್, ಬರುತ್ತೇನೆ’ ಎಂದರೆ ಶಾಲೆಯವರು. ‘ಬತ್ತೀನಿ ಬುಡಕ್ಕ’ ಎಂದರೆ ಕಳ್ಳಂಬೆಳ್ಳದಲ್ಲಿರುವ ನನ್ನ ಅಕ್ಕ. ಮಧುಗಿರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಗೇಟು ದಾಟಿದ ಮೇಲೆ ಆಡುವುದು, ಮಕ್ಕಳು ಬರೆದರೆ ನಾನೇ ಕೆಂಪು ಗೀಟು ಎಳೆಯುವಂಥ ಕನ್ನಡ. ಇದರಲ್ಲಿ ನನಗೆ ನಾಚಿಕೆಯೇನಿಲ್ಲ. ಇದ್ದರೂ ಶಾಲೆಗೆ ಸಾಹೇಬರು ಬಂದ ದಿನ ಮಾತ್ರ.

ನಮ್ಮ ಸೀಮೆಯೇ ಹಾಗೆ. ಕೊರಟಗೆರೆಯಲ್ಲಿ ಬಸ್ಸು ಹತ್ತಿ ಪಾವಗಡದಲ್ಲಿ ಇಳಿಯುವವರಿಗೆ ಭಾಷೆ ಯಾವ ಊರಿನ ಹತ್ತಿರ ಬದಲಾಯಿತೆಂದು ತಿಳಿಯುವುದಿಲ್ಲ. ‘ಮುಂದಕ್ಕೋಗ್ರಪ್ಪ’ ಎನ್ನುತ್ತಿದ್ದ ಕಂಡಕ್ಟರು ದಾರಿಯಲ್ಲೆಲ್ಲೋ ‘ಮುಂದುಕು ಪೋಂಡಪ್ಪ’ ಎನ್ನತೊಡಗಿರುತ್ತಾನೆ. ಜನ ಎರಡಕ್ಕೂ ಕದಲುವುದಿಲ್ಲ. ಶಿರಾ ಕಡೆ ತಿರುಗಿದರೆ ಅಂಗಡಿಯವರ ‘ಜಲ್ದಿ, ಜಲ್ದಿ’ ಕಿವಿಗೆ ಬೀಳುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾದರೆ ಅದು ಒಂದೇ ಭಾಷೆಯ ಬೇರೆ ಬಗೆ, ಆಗದಿದ್ದರೆ ಬೇರೆ ಭಾಷೆ ಎಂದು ಪಂಡಿತರು ಹೇಳುತ್ತಾರೆ. ಪಂಡಿತರು ಪಾವಗಡದ ಬಸ್ಸು ಹತ್ತಿದಂತಿಲ್ಲ. ಅಲ್ಲಿಯವರಿಗೆ ತೆಲುಗು ಸಲೀಸು. ಕುಂದಾಪುರದ ಕನ್ನಡ ಕೇಳಿಸಿದರೆ ಕಕ್ಕಾಬಿಕ್ಕಿ.

ಹೀಗಾಗಿ ನಾನೊಂದು ಸ್ವಂತ ಅಳತೆ ಇಟ್ಟುಕೊಂಡಿದ್ದೆ. ತೆಲುಗಿನವರು ತೆಲುಗು ಆಡಿದರೆ ಯಾರೂ ತಿದ್ದಲು ಹೋಗುವುದಿಲ್ಲ. ಅದೇ ನಮ್ಮಕ್ಕ ‘ಬಂದ್ಬುಟ್ಟೆ’ ಅಂದರೆ ಪೇಟೆಯವರಿಗೆ ನಗು. ನಕ್ಕು ತಿದ್ದುವ ಸಲಿಗೆ ಇದ್ದರೆ ಅದು ನಮ್ಮದೇ ಭಾಷೆ, ಗೌರವ ಕೊಟ್ಟು ದೂರ ನಿಂತರೆ ಬೇರೆ ಭಾಷೆ. ಈ ಅಳತೆಯ ಬಗ್ಗೆ ನನಗೆ ಜಂಬವೂ ಇತ್ತು, ಅಕ್ಕನ ಮಗಳು ಸುಜಾತಳಿಗೆ ವೈ.ಎನ್.ಹೊಸಕೋಟೆಯ ಗಂಡು ಗೊತ್ತಾಗುವವರೆಗೆ.

ಆ ಸಂಬಂಧ ತಂದವನು ನಾನೇ. ಹುಡುಗ ಪಾವಗಡದಲ್ಲಿ ಮೇಷ್ಟ್ರು, ಮನೆಗೆ ಕಡಲೆಕಾಯಿ ಹೊಲ, ಸುಜಾತಳಿಗೆ ಅತ್ತೆಯಾಗುವ ಲಕ್ಷ್ಮೀದೇವಮ್ಮ ಒಳ್ಳೆಯ ಹೆಂಗಸು. ಮನೆಮಾತು ತೆಲುಗು. ‘ಏನಾಗಲ್ಲ ಬುಡಕ್ಕ, ಎಲ್ರಿಗೂ ಕನ್ನಡ ಬತ್ತದೆ’ ಎಂದು ಅಕ್ಕನನ್ನು ಒಪ್ಪಿಸಿದ್ದೆ.

ಮದುವೆಯಾಗಿ ಮೊದಲ ಗೌರಿ ಹಬ್ಬಕ್ಕೆ ತವರಿಗೆ ಬಂದ ಸುಜಾತ, ಹಬ್ಬ ಮುಗಿದರೂ ಹೊರಡುವ ಮಾತೆತ್ತಲಿಲ್ಲ. ಗಂಡ ಫೋನು ಮಾಡಿದರೆ ನಾಳೆ ಅನ್ನುತ್ತಿದ್ದಳು. ಅಕ್ಕ ಗಾಬರಿಯಾಗಿ ನನ್ನನ್ನು ಕರೆಸಿದಳು. ಗಂಡನ ಮನೆಯಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ, ಕೇಳಿದ್ದೆಲ್ಲ ಸಿಗುತ್ತದೆ. ಮತ್ತೇನು ಕಷ್ಟವೆಂದು ಸುಜಾತಳನ್ನೇ ಕೇಳಿದೆ.

“ನಾನ್ ಅಡ್ಗೆಮನೆಗೆ ಕಾಲಿಟ್ರೆ ಸಾಕು ಮಾವ, ಎಲ್ರೂ ತೆಲುಗು ನಿಲ್ಸಿ ಕನ್ನಡ ಸುರು ಅಚ್ಕೊಳ್ತಾರೆ. ಬನ್ನಿ, ಕೂತ್ಕೊಳ್ಳಿ ಅಂತಾರೆ. ಕೆಲ್ಸಕ್ ಬಂದ ಆಪೀಸರಮ್ಮನ್ನ ಮಾತಾಡಿಸ್ದಂಗೆ. ನಾನ್ ಆ ಮನೇವ್ಳೇ ಅಲ್ಲ ಅನ್ನುಸ್ತದೆ.”

ಅಕ್ಕ ನನ್ನ ಮುಖ ನೋಡಿದಳು. ಆ ನೋಟ ಯಾವ ಭಾಷೆಯಲ್ಲಿದ್ದರೂ ಅರ್ಥ ಒಂದೇ. ಭಾನುವಾರವೇ ಹೊಸಕೋಟೆಗೆ ಹೊರಟೆ.

ಲಕ್ಷ್ಮೀದೇವಮ್ಮ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ಅವರ ಕನ್ನಡ ಶಾಲೆಯಲ್ಲಿ ಕಲಿತದ್ದು, ರೇಡಿಯೋ ಕೇಳಿ ತಿದ್ದಿಕೊಂಡದ್ದು. ಅದರಲ್ಲಿ ಗೀಟೆಳೆಯಲು ನನಗೇನೂ ಸಿಗಲಿಲ್ಲ. ಸೊಸೆಗೆ ಏನು ಕಡಿಮೆಯಾಯಿತೆಂದು ಅವರೇ ಕೇಳಿದರು. ಕೇಳುವಾಗ ಕಣ್ಣು ತುಂಬಿಕೊಂಡಿತ್ತು.

“ನಾವು ತೆಲುಗು ಆಡಿದರೆ ಆ ಹುಡುಗಿ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದುಕೊಳ್ಳುವುದಿಲ್ಲವೇ ಮೇಷ್ಟ್ರೇ? ಅವಳ ಎದುರಿಗೆ ಯಾರೂ ತೆಲುಗು ಆಡಬಾರದು ಎಂದು ನಾನೇ ಮನೆಯಲ್ಲಿ ಹೇಳಿಟ್ಟಿದ್ದೇನೆ. ಕೋಪ ಬಂದರೆ ನನಗೆ ಕನ್ನಡ ಸಿಕ್ಕುವುದಿಲ್ಲ. ಅದಕ್ಕೇ ಸುಮ್ಮನಾಗಿಬಿಡುತ್ತೇನೆ.”

ಆ ಸುಮ್ಮನಿರುವುದನ್ನೇ ಸುಜಾತ ಬಿಗುಮಾನ ಎಂದುಕೊಂಡಿದ್ದಳು. ಇನ್ನೊಂದು ಸಂಗತಿಯನ್ನು ಅವರು ತುಂಬ ಸಂಕೋಚದಿಂದ ಹೇಳಿದರು. ಸೊಸೆಯ ಕಳ್ಳಂಬೆಳ್ಳದ ಕನ್ನಡ ಅವರಿಗೆ ಅರ್ಧಕ್ಕರ್ಧ ಹಿಡಿಯುತ್ತಿರಲಿಲ್ಲವಂತೆ. ಮತ್ತೆ ಕೇಳಿದರೆ ಬೇಜಾರಾದಾಳೆಂದು ಎಲ್ಲಕ್ಕೂ ತಲೆಯಾಡಿಸುತ್ತಿದ್ದರಂತೆ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಎರಡು ಒಳ್ಳೆಯ ಜೀವಗಳು ಒಂದೇ ಒಲೆಯ ಮುಂದೆ ನೆಂಟರಾಗಿ ಕುಳಿತಿದ್ದವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕನ್ನಡದ ಮೇಷ್ಟ್ರಾಗಿ ಜೀವನದಲ್ಲಿ ಮೊದಲ ಸಲ ಒಬ್ಬರಿಗೆ ದಯವಿಟ್ಟು ಕನ್ನಡ ಆಡಬೇಡಿ ಎಂದು ಕೈಮುಗಿದೆ. ಅವರು ಆವತ್ತೇ ನನ್ನ ಜೊತೆ ಹೊರಟು ಬಂದು ಸೊಸೆಯನ್ನು ಕರೆದುಕೊಂಡು ಹೋದರು. ಹೋಗುವಾಗ ಸುಜಾತಳ ಮುಖದಲ್ಲಿ ಅಂಥ ನಂಬಿಕೆಯೇನೂ ಕಾಣಲಿಲ್ಲ. ಅಕ್ಕನಿಗಂತೂ ಮಗಳು ಮತ್ತೆ ತಿರುಗಿ ಬಂದಾಳೆಂಬ ಅಂಜಿಕೆ ಹೋಗಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಅಕ್ಕನನ್ನು ಕರೆದುಕೊಂಡು ಹೊಸಕೋಟೆಗೆ ಹೋದೆ. ಸುಜಾತ ಬಾಗಿಲಲ್ಲೇ ಅವ್ವನನ್ನು ಹಿಡಿದುಕೊಂಡು ಮಾತಿಗೆ ನಿಂತಳು. ಅಷ್ಟರಲ್ಲಿ ಒಳಗಿನಿಂದ ಲಕ್ಷ್ಮೀದೇವಮ್ಮನ ಗಂಟಲು ಕೇಳಿಸಿತು. ಅಂಥ ಗಂಟಲು ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

“ಯಾಡಿಕಿ ಪೋಯಿನಾವೇ? ಪಾಲನ್ನೀ ಪೊಂಗಿಪಾಯ!”

“ನಾನೇನ್ ಮಾಡ್ಲತ್ತೆ, ಅವ್ವ ಬಂದವ್ಳೆ, ಮಾತಾಡ್ತಾ ನಿಂತ್ಬುಟ್ಟೆ” ಎಂದು ಸುಜಾತಳೂ ಅಷ್ಟೇ ಜೋರಾಗಿ ಕೂಗಿ ಒಳಗೆ ಓಡಿದಳು. ಒಳಗೆ ತೆಲುಗೂ ಕನ್ನಡವೂ ಒಂದರ ಮೇಲೊಂದು ಬಿದ್ದು, ಕೊನೆಗೆ ಇಬ್ಬರೂ ನಗುವುದು ಕೇಳಿಸಿತು.

ಅಕ್ಕ ಜಗಲಿಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳನ್ನು ಬೈದದ್ದಕ್ಕೆ ನೊಂದಳೇನೋ ಎನ್ನಿಸಿ, ‘ಹಾಲುಕ್ತಂತೆ ಅಷ್ಟೇ ಕಣಕ್ಕ’ ಎಂದು ಅರ್ಥ ಬಿಡಿಸಿ ಹೇಳಲು ಹೋದೆ.

“ನೀ ಸುಮ್ಕಿರ್ಲಾ, ನಂಗರ್ತಾಯ್ತು” ಎಂದಳು. “ಮಗ್ಳುನ್ನ ಬೈದಂಗೆ ಬೈತಾವ್ಳೆ.”

ಅಕ್ಕನಿಗೆ ತೆಲುಗಿನ ಒಂದಕ್ಷರವೂ ಬಾರದು.