ತಕ್ಕಡಿ ಮೇಷ್ಟ್ರು

ನಮ್ಮ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಕಲಿತರೋ ಇಲ್ಲವೋ ಎಂದು ಅಳೆಯುವುದಕ್ಕೆಂದೇ ಒಬ್ಬರಿದ್ದಾರೆ; ಬೆನ್ನ ಹಿಂದೆ ನಾವು ಅವರನ್ನು ತಕ್ಕಡಿ ಮೇಷ್ಟ್ರು ಎನ್ನುತ್ತೇವೆ. ಯಾವ ವಿಭಾಗದವರು ಪಠ್ಯಕ್ರಮ ಒಯ್ದು ಕೊಟ್ಟರೂ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ‘ವಿದ್ಯಾರ್ಥಿಗಳು ತಿಳಿದುಕೊಳ್ಳುತ್ತಾರೆ’ ಎಂಬ ಸಾಲನ್ನು ಹುಡುಕಿ ಹುಡುಕಿ ಕೆಂಪು ಗೆರೆ ಎಳೆಯುತ್ತಾರೆ. “ತಿಳಿದದ್ದು ಕಣ್ಣಿಗೆ ಕಾಣುತ್ತೇನ್ರೀ? ವಿವರಿಸ್ತಾರೆ, ಮಾಡಿ ತೋರಿಸ್ತಾರೆ ಅಂತ ಬರೀರಿ. ಪುರಾವೆ ಬೇಕು, ಪುರಾವೆ!” ಕಾವ್ಯ ಕಲಿಸುವ ಮೇಡಂ ‘ಸವಿಯುತ್ತಾರೆ’ ಎಂದೇ ಬರೆಯುತ್ತೇನೆಂದು ಹಟ ಹಿಡಿದು ಕೂತದ್ದಕ್ಕೆ ಇವರ ಒಪ್ಪಿಗೆ ಸಿಗದೆ ಆ ಕೋರ್ಸೇ ಮುಚ್ಚಿಹೋಯಿತು. ಕ್ಯಾಂಟೀನಿನಲ್ಲಿ ಯಾರಾದರೂ ಕಾಫಿ ಚೆನ್ನಾಗಿದೆ ಎಂದರೂ ಸಾಕು, “ಯಾವ ಆಧಾರದ ಮೇಲೆ?” ಎನ್ನುವ ಆಸಾಮಿ. ಈಚೆಗೆ ಕೆಲಸ ಮುಗಿಯುತ್ತಲೇ ಮನೆಗೆ ಓಡುತ್ತಾರೆ. ಅವರ ಹೆಂಡತಿಗೆ ಪಾರ್ಶ್ವವಾಯು ಹೊಡೆದು, ಮಾತಿಲ್ಲ, ಅಲುಗಾಟವಿಲ್ಲ. ಮೊನ್ನೆ ನಾನು ನೋಡಲು ಹೋದಾಗ ಮೇಷ್ಟ್ರು ಹಾಸಿಗೆಯ ಪಕ್ಕ ಕೂತು, ಅಂದು ನಮ್ಮೊಂದಿಗಾಡಿದ ಜಗಳವನ್ನೆಲ್ಲ ಆಕೆಗೆ ಒಪ್ಪಿಸುತ್ತಿದ್ದರು. ಅಲ್ಲೇ ಇದ್ದ ಡಾಕ್ಟರು ಆಕೆಯ ಕಣ್ಣಿಗೆ ಟಾರ್ಚು ಹಿಡಿದು ನೋಡಿ, “ನೀವು ಹೇಳೋದು ಇವರಿಗೆ ತಿಳಿಯುತ್ತೆ ಅನ್ನೋಕೆ ಏನಾದ್ರೂ ಗುರುತು ಕಾಣ್ತಾ ಸಾರ್?” ಎಂದು ಕೇಳಿದರು. ಮೇಷ್ಟ್ರು ಸರಿಯಾಗಿಯೇ ಇದ್ದ ಹೊದಿಕೆಯನ್ನು ಮತ್ತೆ ಸರಿಮಾಡಿದರು. “ಏನೂ ಕಾಣಲ್ಲ ಡಾಕ್ಟ್ರೇ,” ಎಂದರು. “ಆದ್ರೆ ಅವಳಿಗೆ ಎಲ್ಲಾ ತಿಳಿಯುತ್ತೆ.”