ಸರ್ವರ್ ಡೌನ್ ಆಗುತ್ತಿದ್ದ ಹತ್ತು ನಿಮಿಷ

ಕೆಲಸ ಶುರುವಾಗುವ ಮೊದಲೇ ದಣಿದಿರುತ್ತಿದ್ದ ವರ್ಷಗಳವು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಂಜನಗೂಡಿನ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಡಬ್ಬ ಮಾಡುವ ಒಂದು ಕಾರ್ಖಾನೆಯಲ್ಲಿದ್ದೆ. ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬನೇ. ತಿ. ನರಸೀಪುರದಿಂದ ಬೆಳಗ್ಗೆ ಬಸ್ಸು ಹಿಡಿದು ನಂಜನಗೂಡಿಗೆ ಬಂದು, ಅಲ್ಲಿಂದ ಷೇರ್ ಆಟೋದಲ್ಲಿ ನೇತಾಡಿಕೊಂಡು ಗೇಟು ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧವನ್ನು ಡಿಸ್ಪ್ಯಾಚ್‌ನವರು ತೆಗೆಯುತ್ತಿದ್ದರು.

ಡಿಸ್ಪ್ಯಾಚ್ ಎಂದರೆ ಗೇಟಿನ ಹತ್ತಿರ ಒಂದು ಸಣ್ಣ ಕೋಣೆ, ಒಂದು ಕಿಟಕಿ, ಒಂದು ಕಂಪ್ಯೂಟರು. ಸರಕು ತುಂಬಿದ ಲಾರಿ ಹೊರಗೆ ಹೋಗಬೇಕಾದರೆ ಅಲ್ಲಿ ಗೇಟ್ ಪಾಸ್ ಪ್ರಿಂಟ್ ಆಗಬೇಕು. ಪಾಸಿನ ಲೆಕ್ಕವೆಲ್ಲ ನಾನು ನೋಡಿಕೊಳ್ಳುತ್ತಿದ್ದ ಸರ್ವರಿನಿಂದ ಕೇಬಲಿನಲ್ಲಿ ಅಲ್ಲಿಗೆ ಬರುತ್ತಿತ್ತು. ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ದೇವನೂರು ಕಡೆಯ ಒಬ್ಬ ಹೆಂಗಸು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಅಕ್ಕ ಅನ್ನುತ್ತಿದ್ದೆ. ಪ್ಯಾಕಿಂಗ್‌ನಲ್ಲಿ ವರ್ಷಗಟ್ಟಲೆ ನಿಂತು ನಿಂತು ಕಾಲು ಊದಿಸಿಕೊಂಡವರು, ರಜೆಯ ದಿನಗಳಲ್ಲಿ ನಂಜನಗೂಡಿಗೆ ಬಂದು ಕಂಪ್ಯೂಟರ್ ಕಲಿತು ಆ ಕುರ್ಚಿ ಗಿಟ್ಟಿಸಿದ್ದರು. ಕೂತು ಮಾಡುವ ಕೆಲಸ. ದಿನಾ ಬೆಳಗ್ಗೆ ಕುರ್ಚಿ ಒರೆಸಿ ಕೂರುತ್ತಿದ್ದರು. ಆ ಕುರ್ಚಿ ಹೋಗಿದ್ದು ನನ್ನ ದೆಸೆಯಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಬರೆಯುವುದು ಸುಲಭ.

ದಿನಕ್ಕೆ ಎರಡು ಸಲವಾದರೂ ಅಲ್ಲಿಯ ಸೂಪರ್‌ವೈಸರ್ ಫೋನು ಮಾಡುತ್ತಿದ್ದ. "ಸರ್ವರ್ ಡೌನು ಸಾ, ಲಾರಿಯೋರು ಬಾಯ್ಗೆ ಬಂದಂಗೆ ಬಯ್ತಾವ್ರೆ, ಬಿರ್ನೆ ನೋಡಿ." ಓಡಿಹೋಗಿ ಸರ್ವರ್ ಕೋಣೆಯ ಬೀಗ ತೆಗೆದು ನೋಡಿದರೆ ಅದು ಗುಂಯ್ ಎನ್ನುತ್ತಾ ತಣ್ಣಗೆ ಕೂತಿರುತ್ತಿತ್ತು. ಅದನ್ನು ತಡಕಿ, ಇದನ್ನು ತಡಕಿ, ಬಿಸಿಲಲ್ಲಿ ಡಿಸ್ಪ್ಯಾಚ್‌ವರೆಗೆ ನಡೆದರೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ "ಈಗ ಬಂತು ಸಾ" ಅನ್ನುತ್ತಿದ್ದರು. ಪ್ರಿಂಟರು ಕರಕರ ಎಂದು ಪಾಸು ಉಗುಳುತ್ತಿತ್ತು. ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರು ಗೂಬೆ ಕೂರಿಸುತ್ತಿದ್ದುದು ಮಾತ್ರ ನನ್ನ ತಲೆಯ ಮೇಲೆ. ನನಗೆ ರೋಸಿ ಹೋಗಿತ್ತು.

ಆಗ ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಕಾವಲು ಕಾಯುವ ಸಾಫ್ಟ್‌ವೇರ್ ಒಂದು ಸಿಕ್ಕಿತು. ಹಗಲೂ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಅದರ ಕೆಲಸ. ನಾವು ಪಟ್ಟಿ ಮಾಡಿಕೊಟ್ಟ ಒಂದೊಂದನ್ನೂ ನಿಮಿಷಕ್ಕೊಮ್ಮೆ 'ಇದ್ದೀಯಾ?' ಎಂದು ಕೇಳುತ್ತದೆ. ಉತ್ತರ ಬಂದರೆ ಪರದೆಯ ಮೇಲೆ ಹಸಿರು, ಮೂರು ಸಲ ಕೇಳಿದರೂ ಬಾರದಿದ್ದರೆ ಕೆಂಪು. ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆದೂ ಇಡುತ್ತದೆ. ಹೇಳುವುದಕ್ಕೆ ಸರಳ, ಹಾಕುವುದಕ್ಕೆ ಎಂಟು ದಿನ ಹಿಡಿಯಿತು. ಸ್ಟೋರಿನಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಹೊತ್ತು ತಂದು, ಊದಿ, ಒರೆಸಿ ಎಬ್ಬಿಸಿದೆ. ಯಾವುದನ್ನು ಕಾಯಬೇಕು, ಎಷ್ಟು ಸಲ ಕೇಳಬೇಕು, ಯಾರಿಗೆ ತಿಳಿಸಬೇಕು ಎಲ್ಲವನ್ನೂ ಒಂದು ಫೈಲಿನಲ್ಲಿ ಟೈಪ್ ಮಾಡಿದೆ. ಒಂದು ಕಡೆ ಬ್ರ್ಯಾಕೆಟ್ ಮುಚ್ಚಲು ಮರೆತಿದ್ದೆ, ಎರಡು ದಿನ ಅದು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಇಂಟರ್‌ನೆಟ್ ಇದ್ದುದು ಮ್ಯಾನೇಜರ ಮೇಜಿನಲ್ಲಿ ಮಾತ್ರ. ಅವರು ಊಟಕ್ಕೆ ಎದ್ದಾಗ ಹೋಗಿ, ನನ್ನ ಊಟ ಬಿಟ್ಟು ಹುಡುಕುತ್ತಿದ್ದೆ. ಮೊದಲ ಮೂರು ಸಾಲು ಸರ್ವರಿಗೆ ಕೊಟ್ಟೆ. ದೂರು ಬರುವುದು ಡಿಸ್ಪ್ಯಾಚ್‌ನಿಂದಲೇ ಅಲ್ಲವೇ ಎಂದು, ಕೊನೆಗೆ ಅಲ್ಲಿಯ ಕಂಪ್ಯೂಟರನ್ನೂ ನಾಲ್ಕನೆಯ ಸಾಲಾಗಿ ಸೇರಿಸಿದೆ.

ಒಂದು ವಾರ ನೋಡಿದೆ. ಸರ್ವರಿನ ಮೂರೂ ಸಾಲು ಹಸಿರೋ ಹಸಿರು. ನಾಲ್ಕನೆಯದು ಮಾತ್ರ ದಿನಕ್ಕೆ ಎರಡು ಸಲ ಕೆಂಪು. ಬೆಳಗ್ಗೆ ಹನ್ನೊಂದರ ಸುಮಾರಿಗೆ, ಮಧ್ಯಾಹ್ನ ಮೂರೂವರೆ ಸುಮಾರಿಗೆ, ಒಂದೊಂದು ಸಲಕ್ಕೆ ಹತ್ತು ನಿಮಿಷ. ನನಗಾದ ಸಂತೋಷ ಅಷ್ಟಿಷ್ಟಲ್ಲ. ತಪ್ಪು ನನ್ನದಲ್ಲ, ನನ್ನ ಸರ್ವರಿನದೂ ಅಲ್ಲ! ಇಲಿ ಕೇಬಲ್ ಕಚ್ಚಿರಬೇಕು ಎಂದುಕೊಂಡೆ. ಇಲಿಗೂ ಗಡಿಯಾರಕ್ಕೂ ಏನು ಸಂಬಂಧ ಎಂದು ಯೋಚಿಸುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಇಡೀ ವಾರದ್ದನ್ನು ಒಂದು ಹಾಳೆಗೆ ಪ್ರಿಂಟ್ ತೆಗೆದು, ಕೆಳಗೆ ಸಹಿ ಹಾಕಿ ಮ್ಯಾನೇಜರ ಮುಂದೆ ಇಟ್ಟೆ. ಡಿಸ್ಪ್ಯಾಚ್ ಕೇಬಲ್ ಬದಲಾಯಿಸಬೇಕು ಸರ್ ಎಂದೆ.

ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. "ಮೆಷೀನು ಗಡಿಯಾರ ನೋಡ್ಕೊಂಡು ಕೆಡಲ್ಲ ಕಣ್ರೀ" ಎಂದರು.

ಆ ದಿನ ಮೂರೂವರೆಗೆ ಮ್ಯಾನೇಜರು, ಸೂಪರ್‌ವೈಸರು, ಅವರ ಹಿಂದೆ ನಾನು ಡಿಸ್ಪ್ಯಾಚ್‌ಗೆ ಹೋದೆವು. ಕುರ್ಚಿ ಖಾಲಿ. ಕಂಪ್ಯೂಟರಿನ ಬೆನ್ನಿನಿಂದ ಕಿತ್ತ ಕೇಬಲ್ ನೆಲದ ಮೇಲಿತ್ತು. ಕಿಟಕಿಯಾಚೆ ಡ್ರೈವರುಗಳು ಸರ್ವರಿನ ಜನ್ಮ ಜಾಲಾಡುತ್ತಿದ್ದರು. ಹತ್ತು ನಿಮಿಷದ ಮೇಲೆ ಅಕ್ಕ ಬಿರಬಿರನೆ ಬಂದವರು ನಮ್ಮನ್ನು ನೋಡಿ ಹೊಸಿಲಲ್ಲೇ ನಿಂತರು. ಕೇಬಲ್ ಯಾಕೆ ಕಿತ್ತಿರಿ ಎಂದು ಮ್ಯಾನೇಜರು ಕೇಳಿದ್ದಕ್ಕೆ, ಮೂರು ಗಂಡಸರ ಮುಂದೆ ಅವರು ಹೇಳಿದ್ದು ಇಷ್ಟೇ: "ಕೈ ತಾಕ್ಬುಡ್ತು ಸಾ."

"ದಿನಾ ಎರಡು ಸಲ ತಾಕುತ್ತಾ?" ಎಂದು ಮ್ಯಾನೇಜರು ನನ್ನ ಹಾಳೆಯನ್ನು ಮುಂದೆ ಹಿಡಿದರು. ಅಕ್ಕ ಹಾಳೆ ನೋಡಲಿಲ್ಲ, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮರುದಿನವೇ ಅವರನ್ನು ಪ್ಯಾಕಿಂಗ್‌ಗೆ ವಾಪಸ್ ಕಳಿಸಿದರು. ನಾನು ಮ್ಯಾನೇಜರ ಹತ್ತಿರ ಹೋಗಿ, ಕೇಬಲಿನ ಕ್ಲಿಪ್ಪು ಮುರಿದಿತ್ತು ಸರ್, ತಾನಾಗಿಯೇ ಬೀಳುತ್ತಿತ್ತು ಎಂದು ಸುಳ್ಳು ತೊದಲಿದೆ. "ಸಹಿ ನಿಮ್ಮದೇ ಅಲ್ವೇನ್ರೀ?" ಎಂದು ಅವರು ಬೇರೆ ಫೈಲು ತೆಗೆದುಕೊಂಡರು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಆ ಕುರ್ಚಿಗೆ ಒಬ್ಬ ಗಂಡಸು ಬಂದ. ಅವನು ಬೇಕೆಂದಾಗ "ಇರ್ರಲಾ, ಬಂದೆ" ಎಂದು ಕಿಟಕಿಗೆ ಕೂಗಿ, ಪಕ್ಕದ ಕಾಂಪೌಂಡ್ ಗೋಡೆಯ ಮರೆಗೆ ಹೋಗಿ ಎರಡು ನಿಮಿಷದಲ್ಲಿ ವಾಪಸಾಗುತ್ತಿದ್ದ. ನಾಲ್ಕು ಸಾಲೂ ಹಸಿರಾದವು. ಮೀಟಿಂಗಿನಲ್ಲಿ ಮೊದಲ ಸಲ ನನ್ನನ್ನು ಹೊಗಳಿದರು.

ಎರಡು ವಾರದ ಮೇಲೆ ಒಂದು ಸಂಜೆ, ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ದೇವನೂರು ಬಸ್ಸಿಗೆ ಕಾಯುತ್ತಾ, ಕಾಲು ನೀವಿಕೊಳ್ಳುತ್ತಾ ಕೂತಿದ್ದರು. ಕಾಣದವನ ಹಾಗೆ ಹೋಗಿಬಿಡೋಣ ಎನಿಸಿತು, ಆಗಲಿಲ್ಲ. ಹತ್ತಿರ ಹೋಗಿ, ಯಾಕಕ್ಕ ಹಾಗೆ ಮಾಡ್ತಿದ್ರಿ ಎಂದೆ.

ಅವರಿಗೆ ಕೋಪ ಇದ್ದಂತೆ ಕಾಣಲಿಲ್ಲ, ಸುಸ್ತಾಗಿದ್ದರು. "ಎಂಗಸ್ರು ಕಕ್ಕಸು ಎಲ್ಲದೆ ಸಾ? ಆ ತುದೀಲಿ, ಕ್ಯಾಂಟೀನ್ ಇಂದ್ಗಡೆ. ಓಗಿ ಬರಕ್ಕೆ ಅತ್ತು ನಿಮ್ಸ ಬೇಕು. ನನ್ ಬದ್ಲು ಕೂರೋರು ಯಾರವ್ರೆ? ಸುಮ್ನೆ ಎದ್ದೋದ್ರೆ ನಾಕೈದು ಲಾರಿಯೋರು 'ಆಯಮ್ಮ ಎಲ್ಲೋದ್ಲು, ಎಲ್ಲೋದ್ಲು' ಅಂತ ಕಿಟ್ಕಿ ಬಡೀತಾರೆ. ಬಂದ್ಮೇಲೆ ಮಕ ನೋಡಿ ನಗಾಡ್ತಾರೆ. ಸರ್ವರ್ ಓಯ್ತು, ಆಪೀಸ್ಗೆ ಏಳ್ಬುಟ್ಟು ಬತ್ತೀನಿ ಅಂದ್ರೆ ಯಾರೂ ಏನೂ ಕೇಳಕಿಲ್ಲ."

ನನಗೆ ಅಲ್ಲೇ ಭೂಮಿಗಿಳಿದು ಹೋದ ಹಾಗಾಯಿತು. ಸಿಟ್ಟು ಬಂದಿದ್ದು ನನ್ನ ಮೇಲೆ, ಆದರೆ ಬಾಯಿಂದ ಹೊರಟಿದ್ದು ಅವರ ಮೇಲಿನ ಆಕ್ಷೇಪಣೆ. "ನನಗಾದರೂ ಒಂದು ಮಾತು ಹೇಳಬಾರದಿತ್ತಾ ಅಕ್ಕ?"

ಅಷ್ಟರಲ್ಲಿ ಬಸ್ಸು ಬಂತು. ಅವರು ಚೀಲ ಎತ್ತಿಕೊಂಡು ಎದ್ದರು.

"ನಿಮ್ಗೇನಂತ ಏಳ್ಲಿ ಸಾ? ನೀವು ಸರ್ವರ್ ನೋಡ್ಕಳೋರು" ಎಂದು, ಕಂಬಿ ಹಿಡಿದು ಬಸ್ಸು ಹತ್ತಿದರು.