ನ್ಯೂ ಅಕ್ಕೋರು

ಮೊನ್ನೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ "ನ್ಯೂ ಅಕ್ಕೋರೇ" ಎಂದು ಕರೆದರು. ತಿರುಗಿದರೆ ನನ್ನ ಹಳೆಯ ವಿದ್ಯಾರ್ಥಿನಿ ವೀಣಾ, ಜೊತೆಗೆ ಅವಳ ನಾದಿನಿ. ಆ ನಾದಿನಿ ಪಾಪ, ನನ್ನ ನರೆತ ತಲೆ, ಮಂಡಿನೋವಿನ ನಡಿಗೆ ಎಲ್ಲವನ್ನೂ ನೋಡಿ, ಈ ಹೆಂಗಸಿನಲ್ಲಿ ನ್ಯೂ ಆದದ್ದು ಯಾವುದೆಂದು ಹುಡುಕುತ್ತಿದ್ದಳು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವಳಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ.

ನಾನು ಗದಗದ ಕಡೆಯವಳು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಅಂಕೋಲೆ ಸೀಮೆಯ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಕಲಿಸಲು ಬಂದೆ. ಇಲ್ಲಿ ಗಂಡು ಶಿಕ್ಷಕರೆಲ್ಲ ಮಾಸ್ತರರು, ಹೆಣ್ಣು ಶಿಕ್ಷಕಿಯರೆಲ್ಲ ಅಕ್ಕೋರು. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ನನ್ನನ್ನು ಮುಂದೆ ನಿಲ್ಲಿಸಿ "ನ್ಯೂ ಇಂಗ್ಲಿಷ್ ಟೀಚರ್" ಎಂದರು. ಮಕ್ಕಳು ಇಂಗ್ಲಿಷ್ ಬಿಟ್ಟು, ಟೀಚರ್ ಬಿಟ್ಟು, ನ್ಯೂ ಒಂದನ್ನು ಇಟ್ಟುಕೊಂಡರು. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು.

ಆ ಪದವನ್ನು ನಾನು ಪಾಠದಲ್ಲೂ ಬಿಡಿಸಿ ಹೇಳಿದ್ದೆ. ಈಗಷ್ಟೇ ಮಾಡಿದ್ದು ನ್ಯೂ. ಹಳೆಯದಾದರೂ ನಮ್ಮ ಕೈಗೆ ಈಗ ಬಂದದ್ದು ನ್ಯೂ. ಎಲ್ಲೆಲ್ಲೋ ಇದ್ದು ನಮಗೆ ಈಗ ಗೊತ್ತಾದದ್ದೂ ನ್ಯೂ. ರೀಸೆಂಟ್ ಎಂಬುದು ಹಾಗಲ್ಲ, ಅದು ಈಚೆಗೆ ನಡೆದ ಸಂಗತಿಗೆ, ಈಚೆಗೆ ತೆಗೆಸಿದ ಫೋಟೋಕ್ಕೆ ಒಪ್ಪುತ್ತದೆ ಎಂದೂ ಹೇಳಿದೆ. ಮರುದಿನ ಒಬ್ಬ, ತೊಟ್ಟಿಲಲ್ಲಿದ್ದ ತಮ್ಮನ ಬಗ್ಗೆ "ಐ ಹ್ಯಾವ್ ಎ ರೀಸೆಂಟ್ ಬ್ರದರ್" ಎಂದು ಬರೆದು ತಂದ. ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಈಗಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಅದೇ ತರಗತಿಯಲ್ಲಿ ವೀಣಾ ಎದ್ದು ನಿಂತು ಕೇಳಿದಳು: "ಅಕ್ಕೋರೇ, ನ್ಯೂ ಅನ್ನೂದು ಎಷ್ಟು ದಿವ್ಸಕ್ಕೆ ಹೋಗ್ತದೆ?"

ಅದು ಗೊತ್ತಿದ್ದರೆ ಮೊದಲು ನನಗೇ ಹೇಳಿಕೊಳ್ಳುತ್ತಿದ್ದೆ. ಮರುವರ್ಷ ಗಣಿತಕ್ಕೆ ಒಬ್ಬ ಎಳೆಯ ಹುಡುಗಿ ಬಂದಾಗ, ಇನ್ನು ನನ್ನ ಹೊಸತನ ಇವಳ ಪಾಲಿಗೆ ಹೋಯಿತೆಂದು ಒಳಗೊಳಗೇ ಹಿಗ್ಗಿದ್ದೆ. ಮಕ್ಕಳು ಅವಳನ್ನು "ಗಣಿತದ ಅಕ್ಕೋರು" ಎಂದು ಕರೆದರು. ನ್ಯೂ ನನಗೇ ಅಂಟಿಕೊಂಡಿತು. ನಗಬೇಡಿ, ನನಗೆ ಅಳು ಬಂದಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಹೆಂಗಸಿಗೆ, ಆ ಪದ ದಿನಕ್ಕೆ ಹತ್ತು ಸಲ "ನೀನು ಇಲ್ಲಿಯವಳಲ್ಲ" ಎಂದಂತೆ ಕೇಳುತ್ತಿತ್ತು. ಊರ ಕಡೆಗೇ ವರ್ಗ ಕೇಳಿಕೊಳ್ಳುವುದೆಂದು ನಿಶ್ಚಯಿಸಿದೆ. ಅದಕ್ಕಾಗಿ ಕಾರವಾರದ ಆಫೀಸಿಗೆ ಹೋಗುವುದಿತ್ತು.

ನಾನು ಬಾಡಿಗೆಗಿದ್ದದ್ದು ಅಂಕೋಲೆ ಹತ್ತಿರದ ಮಂಜಗುಣಿಯಲ್ಲಿ, ವೀಣಾಳ ಅಜ್ಜಿ ದೇವಮ್ಮನ ಮನೆಯ ಪಕ್ಕದ ಕೋಣೆಯಲ್ಲಿ. ದೇವಮ್ಮ ಹೆಚ್ಚು ಮಾತಿನವರಲ್ಲ. ನನ್ನ ಜೋಳದ ರೊಟ್ಟಿಯ ಬಡಿತ ಕೇಳಿದರೆ ಮಾತ್ರ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಒಂದು ರೊಟ್ಟಿ ಕೊಟ್ಟರೆ ಸಂಜೆ ಆ ತಟ್ಟೆ ಬರಿದಾಗಿ ವಾಪಸು ಬಂದದ್ದಿಲ್ಲ.

ನಾನು ಕಾರವಾರಕ್ಕೆ ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಹೊಸ್ತು. ಗದ್ದೆಯಿಂದ ಎಳೆಯ ಭತ್ತದ ತೆನೆ ತಂದು ಪೂಜಿಸಿ, ಮನೆಯ ಕದಕ್ಕೆ, ಬಾವಿಯ ಗಡಗಡೆಗೆ, ಅಕ್ಕಿ ಡಬ್ಬಕ್ಕೆ, ನೊಗಕ್ಕೆ ಕಟ್ಟುವ ದಿನ. ಹಿಂದಿನ ವರ್ಷವೂ ನೋಡಿದ್ದೆ. ಎಲ್ಲದಕ್ಕೂ ಕಟ್ಟುತ್ತ ಬಂದ ದೇವಮ್ಮ ನನ್ನ ಬಾಗಿಲನ್ನು ದಾಟಿ ಕೊಟ್ಟಿಗೆಗೆ ಹೋಗಿದ್ದರು. ತಪ್ಪೇನಿಲ್ಲ, ಬಾಡಿಗೆಯವರ ಬಾಗಿಲು. ಈ ಸಲ ಅವರು ನನ್ನ ಬಾಗಿಲಿನ ಚಿಲಕಕ್ಕೆ ತೆನೆ ಕಟ್ಟಿ, "ಊಟಕ್ಕೆ ಒಳಗೇ ಬನ್ನಿ ಅಕ್ಕೋರೇ, ಎಲೆ ಹಾಕ್ತೆ" ಎಂದು ಹೋದರು.

ಎಲೆಯ ತುದಿಯಲ್ಲಿ ಹೊಸ ಅಕ್ಕಿಯ ಕಾಳು ಬೆರೆಸಿದ ಪಾಯಸ. ಹಸಿವಿನಲ್ಲಿದ್ದ ನಾನು ಕೈ ಹಾಕಲು ಹೊರಟಿದ್ದೆ, ಆದರೆ ಯಾರೂ ಉಣ್ಣುತ್ತಿಲ್ಲ. ವೀಣಾ ಮೊದಲು ಅಜ್ಜಿಯ ಕಡೆ ತಿರುಗಿ "ಹೊಸ್ತು ಉಣ್ತೆ" ಎಂದಳು. ಅಜ್ಜಿ "ಉಣ್ಣು" ಎಂದರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನ್ಯೂ ಅಕ್ಕೋರೇ, ಹೊಸ್ತು ಉಣ್ತೆ."

ನಾನು ಪೆಚ್ಚಾಗಿ ದೇವಮ್ಮನ ಕಡೆ ನೋಡಿದೆ. "ನನಗ ಏನ್ ಹೇಳಬೇಕೋ ಗೊತ್ತಿಲ್ರಿ" ಎಂದೆ.

"ಉಣ್ಣು ಅನ್ನಿ" ಎಂದರು ದೇವಮ್ಮ. "ಮನೆಯ ಹಳಬ್ರು ಹೇಳ್ದೇ ಮಕ್ಳು ಹೊಸ್ತು ಉಣ್ಣೂದಿಲ್ಲ. ನೀವು ಸುಮ್ನೆ ಕೂತ್ರೆ ಅದು ಉಪಾಸವೇ."

ಮನೆಯ ಹಳಬರು. ಅವರಿಗೆ ಅದೊಂದು ದೊಡ್ಡ ಮಾತಾಗಿರಲಿಲ್ಲ, ಆಗಲೇ ಸಾರಿನ ಸೌಟು ಹುಡುಕುತ್ತಿದ್ದರು. ನಾನು ವೀಣಾಳ ಕಡೆ ತಿರುಗಿ ನನ್ನ ಊರಿನ ನುಡಿಯಲ್ಲೇ "ಉಣ್ಣವ್ವಾ, ಉಣ್ಣು" ಎಂದೆ. ಆಮೇಲೆ ವೀಣಾಳ ತಮ್ಮ ಕೇಳಿದ, ದೇವಮ್ಮನ ಸೊಸೆ ಕೇಳಿದಳು. ಎಲ್ಲರಿಗೂ ಹೇಳಿದೆ. ಮರುದಿನ ಕಾರವಾರಕ್ಕೆ ಹೋಗಲಿಲ್ಲ. ಅದರ ಮುಂದಿನ ವರ್ಷವೂ ವರ್ಗ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ದೇವಮ್ಮ ತೀರಿಹೋದರು, ಅವರ ಋಣವನ್ನು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ಸಾಲದು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅಷ್ಟರಲ್ಲೇ ಬಸ್ಸು ಬಂದು ನಿಂತಿತು. ಹತ್ತುವ ಮೊದಲು ಆ ನಾದಿನಿ ಸಂಕೋಚದಿಂದಲೇ ಕೇಳಿದಳು: "ನಿಮ್ಮದು ಯಾವೂರು ಅಕ್ಕೋರೇ?"

"ಮಂಜಗುಣಿರಿ" ಎಂದೆ.

ನನ್ನ ಮಾತಿನ ಧಾಟಿ ಕೇಳಿ ಅವಳಿಗೆ ನಂಬಿಕೆ ಬರಲಿಲ್ಲ. ವೀಣಾಳ ಮುಖ ನೋಡಿದಳು.

"ಹೌದೇ," ಎಂದಳು ವೀಣಾ, ನನ್ನ ಚೀಲ ಬಸ್ಸಿನೊಳಗೆ ಇಡುತ್ತ, "ನಮ್ಮನೆ ಅಕ್ಕೋರು."